ಎಫಿನ್ರಿನ್ ಗಿಡ, ಇಬಾದಾನ್ ಮತ್ತು ನಿನ್ನ ಪ್ರಶ್ನೆ

ರಮ್ಯಾ,

ನಿನ್ನ ಪ್ರಶ್ನೆ ಓದಿದೆ. "ಅಕ್ಕ, ಜೂನ್‌ನಲ್ಲಿ ನಾವು ನೈಜೀರಿಯಾದ ಇಬಾದಾನಿಗೆ ಬರ್ತಾ ಇದ್ದೇವೆ, ಮಗಳಿಗೆ ಎರಡೂವರೆ ವರ್ಷ. ಅಲ್ಲಿ ತುಳಸಿಯ ಹಾಗಿರುವ ಎಫಿನ್ರಿನ್ ಅಂತ ಒಂದು ಗಿಡ ಉಂಟಂತೆ, ಸೊಳ್ಳೆ ಹತ್ತಿರ ಬರುವುದಿಲ್ಲವಂತೆ, ಜ್ವರಕ್ಕೂ ಅಲ್ಲಿನ ಯೊರುಬಾ ಜನ ಅದನ್ನೇ ಕೊಡ್ತಾರಂತೆ, ಹೌದಾ? ಮನೆ ಬಾಡಿಗೆ ಎಷ್ಟು, ಶಾಲೆ ಹೇಗೆ, ಬೇಳೆ ಸಿಗುತ್ತಾ?" ಅಂತ ಕೇಳಿದ್ದೀ. ನಿನ್ನನ್ನು ನೀನು ಅಂತಲೇ ಕರೆಯುತ್ತೇನೆ. ನನ್ನ ತಂಗಿಯ ಮಗಳ ವಯಸ್ಸು ನಿನ್ನದು.

ಮನೆ ಬಾಡಿಗೆಯನ್ನು ಕಂಪೆನಿಯವರೇ ನೋಡಿಕೊಳ್ಳುತ್ತಾರೆ, ಅದು ಬಿಡು. ಎರಡೂವರೆ ವರ್ಷಕ್ಕೆ ಶಾಲೆಯ ಚಿಂತೆ ಈಗಲೇ ಬೇಡ. ಬೇಳೆ ಸಿಗುತ್ತದೆ, ಬೆಲೆ ಜಾಸ್ತಿ. ಕುಚ್ಚಲಕ್ಕಿಗೆ ಹತ್ತಿರದ ಅಕ್ಕಿ ಇಲ್ಲಿ ಒಫಾದಾ ಅಂತ ಬರುತ್ತದೆ, ಅದರ ಗಂಜಿಗೆ ನಾನು ಒಗ್ಗಿಕೊಂಡಿದ್ದೇನೆ. ಬಸಳೆಯೂ ಉಂಟು ಮಾರಾಯ್ತಿ, ಅಮುನುತುತು ಅಂತ ಕೇಳಬೇಕು. ಮೊದಲ ಸಲ ಸಂತೆಯಲ್ಲಿ ಅದರ ಕಟ್ಟು ನೋಡಿದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಹಳದಿ ಜ್ವರದ ಲಸಿಕೆ ಹೊರಡುವ 10 ದಿನ ಮೊದಲೇ ಆಗಿರಬೇಕು. ಲಸಿಕೆಯ ಹಳದಿ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೋ. ಇಲ್ಲಿ ಇಳಿಯುವಾಗಲೂ ಅದನ್ನು ಕೇಳಬಹುದು, ಅದಿಲ್ಲದೆ ತಿರುಗಿ ಊರಿಗೆ ಹೋದರೆ ವಿಮಾನ ನಿಲ್ದಾಣದಲ್ಲಿ ಹಿಡಿದು ಪ್ರತ್ಯೇಕ ಇಡುತ್ತಾರೆ.

ಈಗ ಗಿಡದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಾವು ಬಂದದ್ದು 2004ರ ಮೇ ತಿಂಗಳಲ್ಲಿ. ನನ್ನವರಿಗೆ ಒಲುಯೊಲೆಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಮಗ ಸುಹಾಸನಿಗೆ ಎರಡು ವರ್ಷ. ಮೊದಲ ರಾತ್ರಿಯೇ ಕರೆಂಟು ಹೋಯಿತು. ಆಗ ಕರೆಂಟ್ ಇಲಾಖೆಗೆ ನೆಪಾ ಅನ್ನುತ್ತಿದ್ದರು. ಓಣಿಯ ಮಕ್ಕಳೆಲ್ಲ ಒಟ್ಟಿಗೆ "ನೆಪಾ!" ಅಂತ ಕೂಗಿದ್ದು ಇನ್ನೂ ಕಿವಿಯಲ್ಲಿ ಉಂಟು. ಮಳೆ ನಿಂತ ಹೊತ್ತು, ಸೆಖೆ, ಸೊಳ್ಳೆ. ಮಗು ಅಳುತ್ತಾ ಇತ್ತು. ಪಕ್ಕದ ಮನೆಯ ಗೋಡೆಯ ಆಚೆಯಿಂದ ಒಬ್ಬರು ಹೆಂಗಸು ಲಾಟೀನು ಎತ್ತಿ ಹಿಡಿದು ಒಂದು ದೊಡ್ಡ ಟೊಂಗೆಯನ್ನು ನನ್ನ ಕೈಗೆ ಕೊಟ್ಟರು. "ಎಫಿನ್ರಿನ್. ಕಿಟಕಿಗೆ ಕಟ್ಟು," ಅಂದರು.

ನಾನು ಎಲೆ ಉಜ್ಜಿ ಮೂಗಿಗೆ ಹಿಡಿದೆ. ತುಳಸಿ! ಪೂರ್ತಿ ನಮ್ಮ ಕೃಷ್ಣ ತುಳಸಿಯಲ್ಲ. ಓಮದ ಘಾಟು ಸೇರಿದ ತುಳಸಿ, ಸ್ವಲ್ಪ ಲವಂಗ, ಸ್ವಲ್ಪ ಸಾಂಬ್ರಾಣಿ ಎಲೆ. ಆಮೇಲೆ ಗೊತ್ತಾಯಿತು, ಇದು ತುಳಸಿಯ ಒಡಹುಟ್ಟೇ. ನಮ್ಮಲ್ಲಿಯೂ ಕಾಡುತುಳಸಿ, ರಾಮತುಳಸಿ ಅಂತ ಕೆಲವರು ಕರೆಯುವ ಗಿಡ. ಓಮಕ್ಕೆ ಘಾಟು ಕೊಡುವ ಥೈಮಾಲ್ ಎಂಬ ಎಣ್ಣೆಯಂಶವೇ ಇಲ್ಲಿನ ಎಫಿನ್ರಿನ್‌ನಲ್ಲಿಯೂ ಜಾಸ್ತಿ. ಎತ್ತರಕ್ಕೆ ಬೆಳೆಯುತ್ತದೆ, ಎಲೆ ಅಗಲ. ಆ ರಾತ್ರಿ ಅಷ್ಟೆಲ್ಲ ಯಾರಿಗೆ ಬೇಕು? ಮನೆ ಬಿಟ್ಟು ಸಾವಿರಾರು ಮೈಲಿ ಬಂದವಳಿಗೆ ಕತ್ತಲೆಯಲ್ಲಿ ಅಮ್ಮನ ಅಂಗಳದ ಪರಿಮಳ ಬಂದರೆ ಹೇಗಾಗಬೇಡ, ಹೇಳು. ಆ ವರ್ಷ ಕಾರ್ತಿಕದಲ್ಲಿ ಎಣ್ಣೆ ಡಬ್ಬಿಯಲ್ಲಿ ನೆಟ್ಟ ಎಫಿನ್ರಿನ್ ಎದುರೇ ದೀಪ ಹಚ್ಚಿದೆ. ನೆಲ್ಲಿ ಕೊಂಬೆ ಇರಲಿಲ್ಲ, ಮಾವಿನ ಕೊಂಬೆ ಚುಚ್ಚಿದೆ.

ಟೊಂಗೆ ಕೊಟ್ಟವರನ್ನು ಎಲ್ಲರೂ ಇಯಾ ತುಂಡೆ ಅನ್ನುತ್ತಿದ್ದರು. ಇಯಾ ಅಂದರೆ ಅಮ್ಮ, ತುಂಡೆ ಅವರ ದೊಡ್ಡ ಮಗ. ಇಲ್ಲಿಯೂ ಹೆತ್ತವರನ್ನು ಮಕ್ಕಳ ಹೆಸರು ಹಿಡಿದೇ ಕರೆಯುವುದು. ಒಂದು ವಾರದಲ್ಲಿ ನಾನೂ ಇಯಾ ಸುಹಾಸ್ ಆದೆ. ಅವರ ತಾಯಿ ಬೋಡೆ ಮಾರುಕಟ್ಟೆಯಲ್ಲಿ ಎಲೆ ಮಾರುತ್ತಿದ್ದವರು. ಇಬಾದಾನಿನಲ್ಲಿ ಗಿಡಮೂಲಿಕೆಗೆ ಬೋಡೆ ಹೆಸರುವಾಸಿ. ಹಸಿ ಎಲೆ ಮಾರುವವರಿಗೆ ಎಲೆವೆ ಒಮೊ ಅನ್ನುತ್ತಾರೆ, ಒಣ ತೊಗಟೆ, ಬೇರು, ಬೀಜ ಮಾರುವವರು ಲೆಕುಲೆಜಾ. ಇಯಾ ತುಂಡೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ನಾನು ಗಮನಿಸಿದ್ದು ಇದು: ಎಲೆ ಮಾರುವ ಅಜ್ಜಿ ಸುಮ್ನೆ ಕಟ್ಟು ಎತ್ತಿ ಕೊಡಲಿಲ್ಲ. ಯಾರಿಗೆ, ಎಷ್ಟು ವಯಸ್ಸು, ಎಷ್ಟು ದಿನದಿಂದ, ಬಸುರಿಯಾ ಅಂತ ಕೇಳಿ ಕೇಳಿ ಕೊಟ್ಟರು. ಊರಿನಲ್ಲಿ ನಮ್ಮ ನಾಟಿ ಮದ್ದಿನ ಅಜ್ಜಿ ಕೇಳುತ್ತಿದ್ದ ಹಾಗೆಯೇ.

ಎಫಿನ್ರಿನ್ ಯಾವುದಕ್ಕೆಲ್ಲ ಆಗುತ್ತದೆ ಅಂತ ಇಯಾ ತುಂಡೆಯಿಂದ ಕಲಿತದ್ದನ್ನು ಹೇಳುತ್ತೇನೆ. ಮುಖ್ಯವಾಗಿ ಹೊಟ್ಟೆಗೆ. ಹೊಟ್ಟೆನೋವು, ಭೇದಿ ಆದರೆ ಎಲೆಯನ್ನು ನೀರಿನಲ್ಲಿ ಚೆನ್ನಾಗಿ ಹಿಚುಕಿ, ಸೋಸಿ, ಚಿಟಿಕೆ ಉಪ್ಪು ಹಾಕಿ ಕುಡಿಯುತ್ತಾರೆ. ಶೀತ, ಕೆಮ್ಮಿಗೆ ಕುದಿಸಿ ಹಬೆ ತೆಗೆದುಕೊಳ್ಳುತ್ತಾರೆ. ಚರ್ಮದ ತುರಿಕೆಗೆ ಅರೆದು ಹಚ್ಚುತ್ತಾರೆ. ಬಾಣಂತಿಗೆ ಖಾರದ ಬಿಸಿ ಸಾರಿನಲ್ಲಿ ಹಾಕುತ್ತಾರೆ, ನಮ್ಮ ಕಾಳುಮೆಣಸಿನ ಸಾರಿನ ಹಾಗೆ. ಗೆಣಸಿನ ಹಾಗಿರುವ ಯಾಮ್ ಗಡ್ಡೆಯನ್ನು ತಾಳೆ ಎಣ್ಣೆ ಹಾಕಿ ಬೇಯಿಸಿ ಮಾಡುವ ಅಸಾರೊ ಅಂತ ಒಂದು ಅಡುಗೆ ಉಂಟು. ಇಳಿಸುವ ಮೊದಲು ಒಂದು ಹಿಡಿ ಎಫಿನ್ರಿನ್ ಹೆಚ್ಚಿ ಹಾಕಿದರೆ ಮನೆಯೆಲ್ಲ ಘಮಘಮ. ಅದನ್ನು ನಿನಗೆ ಮಾಡಿ ಬಡಿಸುತ್ತೇನೆ.

ಸೊಳ್ಳೆಗೆ: ಬಾಗಿಲ ಪಕ್ಕ ನೆಡುತ್ತಾರೆ, ಕೋಣೆಯ ಮೂಲೆಯಲ್ಲಿ ಟೊಂಗೆ ಇಡುತ್ತಾರೆ, ಸಂಜೆ ಒಣ ಎಲೆಯನ್ನು ಕೆಂಡದ ಮೇಲೆ ಹಾಕಿ ಹೊಗೆ ಹಾಕುತ್ತಾರೆ, ಎಲೆ ಉಜ್ಜಿ ಕೈಕಾಲಿಗೆ ಹಚ್ಚುತ್ತಾರೆ. ಕೆಲಸ ಮಾಡುತ್ತದಾ ಅಂದರೆ, ಮಾಡುತ್ತದೆ, ಸ್ವಲ್ಪ ಹೊತ್ತು. ಪರಿಮಳದ ಎಣ್ಣೆ ಆರಿಹೋಗುವ ತನಕ. ಸಂಜೆ ಜಗಲಿಯಲ್ಲಿ ಕೂತು ಮಾತಾಡುವಷ್ಟು ಹೊತ್ತಿಗೆ ಸಾಕು. ಆದರೆ ಮಲೇರಿಯಾದ ಸೊಳ್ಳೆ ಜಾಸ್ತಿ ಕಚ್ಚುವುದು ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ, ನಾವು ಮಲಗಿರುವಾಗ. ಆ ಹೊತ್ತಿಗೆ ಎಲೆಯ ಪರಿಮಳ ಎಲ್ಲಿ ಉಳಿದಿರುತ್ತದೆ? ಅಲ್ಲಿ ಬೇಕಾದದ್ದು ಮದ್ದು ಹಾಕಿದ ಪರದೆ.

ಜ್ವರಕ್ಕೆ ಕೊಡ್ತಾರಾ ಅಂತ ಕೇಳಿದ್ದೀ. ಜ್ವರದ ಕಷಾಯಕ್ಕೆ ಇಲ್ಲಿ ಆಗ್ಬೊ ಇಬಾ ಅನ್ನುತ್ತಾರೆ. ಇಬಾ ಅಂದರೆ ಜ್ವರ. ಮಾವಿನ ತೊಗಟೆ, ಮಜ್ಜಿಗೆ ಹುಲ್ಲು, ಪಪ್ಪಾಯಿ ಎಲೆ, ದೊಂಗೊಯಾರೊ ಎಲೆ ಎಲ್ಲ ಸೇರಿಸಿ ದೊಡ್ಡ ಮಡಕೆಯಲ್ಲಿ ಕುದಿಸುತ್ತಾರೆ. ದೊಂಗೊಯಾರೊ ಅಂದರೆ ನಮ್ಮ ಬೇವು. ಸುಮಾರು ನೂರು ವರ್ಷದ ಹಿಂದೆ ಇಲ್ಲಿಗೆ ಬಂದ ಮರ, ಈಗ ಇವರದೇ ಮದ್ದಾಗಿದೆ. ಬೆಳಿಗ್ಗೆ ಬಸ್ ನಿಲ್ದಾಣಗಳಲ್ಲಿ ಹೆಂಗಸರು ತಲೆಯ ಮೇಲೆ ಬಾಟಲಿಗಳ ಬುಟ್ಟಿ ಹೊತ್ತು ಆಗ್ಬೊ ಮಾರುತ್ತಾರೆ. ಕೆಲವು ಸಲ ಅದಕ್ಕೆ ಮದ್ಯವನ್ನೂ ಸೇರಿಸಿರುತ್ತಾರೆ. ಗುರುತಿಲ್ಲದವರ ಹತ್ತಿರ ನೀನು ಕುಡಿಯಬೇಡ, ಮಗುವಿಗಂತೂ ಬೇಡವೇ ಬೇಡ.

ಈಗ ನನ್ನ ಮನೆಯಲ್ಲಿ ಆದದ್ದು ಹೇಳುತ್ತೇನೆ.

ನಾನು ಮಂಗಳೂರಿನವಳು. ಮಲೇರಿಯಾ ನನಗೆ ಹೊಸದಲ್ಲ ಅಂದುಕೊಂಡಿದ್ದೆ. ನನಗೂ ಬಂದಿತ್ತು, ತಮ್ಮನಿಗೂ ಬಂದಿತ್ತು. ಚಳಿ, ಜ್ವರ, ಬೆವರು, 14 ದಿನದ ಮಾತ್ರೆ, ಆಮೇಲೆ ಗುಣ. ನಮ್ಮಲ್ಲಿ ಹೆಚ್ಚಾಗಿ ಬರುವುದು ವೈವಾಕ್ಸ್. ಇಲ್ಲಿರುವುದು ಬಹುಪಾಲು ಫಾಲ್ಸಿಪಾರಂ. ಹೆಸರು ಒಂದೇ ಮಲೇರಿಯಾ, ಆದರೆ ಇದು ಒಂದು ದಿನದಲ್ಲಿ ಮಗುವಿನ ಮಿದುಳಿಗೆ ಹೋಗಬಲ್ಲದು. ಜಗತ್ತಿನ ಮಲೇರಿಯಾದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಭಾಗ ಈ ಒಂದು ದೇಶದಲ್ಲೇ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಇಲ್ಲ.

2005ರ ಸೆಪ್ಟೆಂಬರ್. ಶುಕ್ರವಾರ ರಾತ್ರಿ ಸುಹಾಸನಿಗೆ ಜ್ವರ ಬಂತು. ಶನಿವಾರ ಬೆಳಿಗ್ಗೆ ನಾನು ಎಫಿನ್ರಿನ್ ರಸ ತೆಗೆದು ಜೇನು ಸೇರಿಸಿ ಕುಡಿಸಿದೆ. ಅಮ್ಮ ನನಗೆ ತುಳಸಿ ರಸ ಕೊಡುತ್ತಿದ್ದ ಹಾಗೆಯೇ. ಹಣೆಗೂ ಹಚ್ಚಿದೆ. ಮಧ್ಯಾಹ್ನ ಇಯಾ ತುಂಡೆ ಬಂದರು. ಮಗುವಿನ ಕುತ್ತಿಗೆ ಮುಟ್ಟಿ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ಲೋಟ ಮೂಸಿದರು. "ಇದು ಹೊಟ್ಟೆಯ ಎಲೆ. ಇಬಾಕ್ಕೆ ಅಲ್ಲ. ಈಗಲೇ ರಕ್ತ ಪರೀಕ್ಷೆ ಮಾಡಿಸು," ಅಂದರು. ನಾನು ನಾಳೆ ಅಂದೆ. ಅವರು ಮತ್ತೆ ಹೇಳಿದರು: "ಇದು ನಮ್ಮ ಮಕ್ಕಳನ್ನೇ ಬಿಡುವುದಿಲ್ಲ. ನಿನ್ನ ಮಗುವಿನ ರಕ್ತ ಇದನ್ನು ನೋಡಿಯೇ ಇಲ್ಲ." ಸಂಜೆ ಬೆವರಿ ಜ್ವರ ಇಳಿಯಿತು. ರಸ ಹಿಡಿಯಿತು ಅಂತ ನನಗೆ ಸಮಾಧಾನ. ಈ ಜ್ವರ ಹಾಗೆಯೇ ಏರಿ ಇಳಿಯುತ್ತದೆ ಅಂತ ಮಂಗಳೂರಿನಲ್ಲಿ ನೋಡಿದವಳೇ ನಾನು, ಆದರೂ ಆ ಸಂಜೆ ನೆನಪಾಗಲಿಲ್ಲ.

ಭಾನುವಾರ ಬೆಳಗಿನ ಜಾವ ಮಗುವಿಗೆ ಅಪಸ್ಮಾರದ ಹಾಗೆ ಸೆಳೆತ ಬಂತು. ಕಣ್ಣು ಮೇಲೆ ಹೋಯಿತು. ಆಸ್ಪತ್ರೆಗೆ ಕಾರಿನಲ್ಲಿ ಓಡಿಸಿದ್ದು ತುಂಡೆಯೇ. ಮಗುವಿಗೆ ರಕ್ತ ಕೊಡಬೇಕಾಯಿತು, ಕ್ವಿನೈನ್ ಡ್ರಿಪ್ ಹಾಕಿದರು. ಎರಡು ದಿನ ಅವನು ನನ್ನನ್ನು ಗುರುತಿಸಲಿಲ್ಲ.

ಆ ಆಸ್ಪತ್ರೆಯ ಓಣಿಯಲ್ಲಿ, ಹತ್ತು ಜನರ ಎದುರು, ನಾನು ಇಯಾ ತುಂಡೆಗೆ ಹೇಳಿದೆ: "ನಿಮ್ಮ ಎಲೆ ನಂಬಿ ನನ್ನ ಮಗನನ್ನು ಕಳಕೊಳ್ಳುವ ಹಾಗಾಯಿತು."

ಅವರು ಜಗಳ ಮಾಡಲಿಲ್ಲ. ನಾನು ಹೇಳಿರಲಿಲ್ಲವಾ ಅಂತ ಕೇಳಲಿಲ್ಲ. "ಪೆಲೆ," ಅಂದರು. ಇಲ್ಲಿನವರು ಬೇರೆಯವರ ನೋವು ಕಂಡಾಗ ಹೇಳುವ ಮಾತು ಅದು. ತಮ್ಮ ತಪ್ಪಿಲ್ಲದಿದ್ದರೂ ಹೇಳುತ್ತಾರೆ, ಯಾರಾದರೂ ಎಡವಿದರೂ ಹೇಳುತ್ತಾರೆ. ಆಮೇಲೆ ಐದು ದಿನವೂ ಬೆಳಿಗ್ಗೆ ಬಿಸಿ ಓಗಿ ಗಂಜಿ ತಂದುಕೊಟ್ಟರು.

ಸುಹಾಸ ಹುಷಾರಾದ. ಈಗ ನನಗಿಂತ ಒಂದು ಗೇಣು ಎತ್ತರ. ಆದರೆ ಆ ಮಾತನ್ನು ನಾನು ಹಿಂತೆಗೆದುಕೊಳ್ಳಲಿಲ್ಲ ರಮ್ಯಾ. ನಾಚಿಕೆಯಾಗುತ್ತಿತ್ತು. ಗೋಡೆಯ ಹತ್ತಿರ ಅವರು ಕಂಡರೆ "ಎ ಕಾರೊ" ಅಂತ ನಮಸ್ಕಾರ ಹೇಳಿ ಒಳಗೆ ಹೋಗುತ್ತಿದ್ದೆ. ಅವರು ಮಾತ್ರ ಮೊದಲಿನ ಹಾಗೆಯೇ ಎಲೆ ಕೊಡುತ್ತಿದ್ದರು, ಮಗುವಿನ ತಲೆ ಸವರುತ್ತಿದ್ದರು. ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು ಒಸಾನ್ಯಿನ್ ಕತೆ ಹೇಳುತ್ತಿದ್ದರು. ಯೊರುಬಾ ಜನರಲ್ಲಿ ಎಲೆಗಳ ದೇವರು ಒಸಾನ್ಯಿನ್. ಲೋಕದ ಎಲೆಗಳೆಲ್ಲ ಅವನ ಒಂದು ಸೋರೆ ಬುರುಡೆಯಲ್ಲಿ ಇದ್ದವಂತೆ. ಬೇರೆ ದೇವರಿಗೂ ಎಲೆ ಬೇಕು ಅಂತ ಗಾಳಿಯ ದೇವಿ ಓಯಾ ಜೋರಾಗಿ ಬೀಸಿದಳಂತೆ. ಬುರುಡೆ ಬಿದ್ದು ಎಲೆಗಳು ಹಾರಿದವು, ಎಲ್ಲರೂ ಸಿಕ್ಕಿದ್ದನ್ನು ಬಾಚಿಕೊಂಡರು. ಆದರೆ ಯಾವ ಎಲೆ ಯಾವುದಕ್ಕೆ ಎಂಬುದು ಒಸಾನ್ಯಿನ್ ಹತ್ತಿರವೇ ಉಳಿಯಿತು. ಇಷ್ಟು ಹೇಳಿ ಅವರು ನನ್ನ ಕಡೆ ನೋಡಲಿಲ್ಲ. ನಾನು ಕಿಟಕಿಯ ಹಿಂದೆ ನಿಂತು ಕೇಳಿದೆ.

ಹಿರಿಯರ ಹತ್ತಿರ ತಪ್ಪಾಯಿತು ಅನ್ನಲು ಇಲ್ಲಿ ಹೆಂಗಸರು ಮಂಡಿಯೂರಿ "ಎ ಮಾ ಬಿನು" ಅನ್ನುತ್ತಾರೆ. ಕೋಪ ಮಾಡ್ಕೋಬೇಡಿ ಅಂತ ಅರ್ಥ. ಊರಿನಲ್ಲಿ ನಾವು ಕಾಲು ಮುಟ್ಟುವುದಿಲ್ಲವಾ, ಅದರ ಹಾಗೆಯೇ. ಮೂರೇ ಶಬ್ದ. 2008ರಲ್ಲಿ ಇಯಾ ತುಂಡೆ ಮಗಳ ಮನೆಗೆ ಓಶೊಗ್ಬೊಗೆ ಹೋದರು. ರಜೆಯಲ್ಲಿ ಹೋಗಿ ಬರೋಣ ಅಂತ ಹೇಳಿಕೊಂಡೇ ಎರಡು ವರ್ಷ ಕಳೆಯಿತು. ಆಮೇಲೆ ತುಂಡೆ ಫೋನ್ ಮಾಡಿ ಅಮ್ಮ ಹೋದರು ಅಂದ. ಅಂತ್ಯಕ್ರಿಯೆಗೆ ಹೋದೆ. ಎಲ್ಲರ ಹಾಗೆ ಮಂಡಿಯೂರಿದೆ. ಕೇಳಬೇಕಾದವರು ಇರಲಿಲ್ಲ.

ಅದಕ್ಕೇ ನಿನಗೆ ಇಷ್ಟು ಉದ್ದ ಬರೆದೆ. ಇಲ್ಲಿನವರ ಎಲೆ ಮದ್ದಿನಿಂದ ಮೋಸ ಹೋದೆವು ಅಂತ ಯಾರಾದರೂ ನಮ್ಮವರು ನಿನಗೆ ಹೇಳಿದರೆ ತಲೆಯಾಡಿಸಬೇಡ. ನನ್ನ ಮನೆಯಲ್ಲಿ ಆದದ್ದು ನನ್ನಿಂದ. ಪರಿಮಳ ತುಳಸಿಯದು ಅಂತ ನಾನು ಆ ಗಿಡದ ಮೇಲೆ ತುಳಸಿಯ ಮೇಲಿನ ನಂಬಿಕೆಯನ್ನೆಲ್ಲ ಹಾಕಿದೆ. ಗಿಡ ಬಲ್ಲವರು ಎದುರೇ ನಿಂತು ಬೇಡ ಅಂದರೂ ಕೇಳಲಿಲ್ಲ.

ಮಗಳಿಗೆ ಜ್ವರ ಬಂದರೆ, ಹಗಲಾಗಲಿ ರಾತ್ರಿಯಾಗಲಿ, ಮೊದಲು ರಕ್ತ ಪರೀಕ್ಷೆ. ಬೆರಳು ಚುಚ್ಚಿ ನೋಡುವ ಪಟ್ಟಿ ಕಾಲು ಗಂಟೆಯಲ್ಲಿ ಹೇಳುತ್ತದೆ. ಮದ್ದು ತೆಗೆದುಕೊಳ್ಳುವಾಗ ಪೊಟ್ಟಣದ ಮೇಲೆ ನಾಫ್ಡಾಕ್ ಸಂಖ್ಯೆ ನೋಡು, ಅದು ಇಲ್ಲಿನ ಸರ್ಕಾರಿ ಔಷಧ ನಿಯಂತ್ರಣದವರದು. ಬರುವ ಮೊದಲೇ ಮಂಗಳೂರಿನಲ್ಲಿ ಮಕ್ಕಳ ಡಾಕ್ಟರ ಹತ್ತಿರ ಮಲೇರಿಯಾ ತಡೆಯುವ ಮಾತ್ರೆಯ ವಿಷಯ ಕೇಳು, ತೂಕ ನೋಡಿ ಕೊಡುತ್ತಾರೆ. ರಜೆಗೆ ಊರಿಗೆ ಹೋದಾಗ ಜ್ವರ ಬಂದರೂ ಅಲ್ಲಿನ ಡಾಕ್ಟರಿಗೆ ನೈಜೀರಿಯಾದಿಂದ ಬಂದದ್ದು ಅಂತ ಮೊದಲು ಹೇಳಬೇಕು, ಮರೆಯಬೇಡ.

ನನ್ನ ಬಾಗಿಲ ಹತ್ತಿರ ಈಗ ಇರುವ ಎಫಿನ್ರಿನ್ ಇಯಾ ತುಂಡೆಯ ಗಿಡದ ಬೀಜದ್ದೇ. ಪ್ರತಿವರ್ಷ ಉದುರಿ ಹೊಸದು ಹುಟ್ಟುತ್ತದೆ. ನೀನು ಬರುವ ಹೊತ್ತಿಗೆ ಮಳೆ ಇರುತ್ತದೆ, ಟೊಂಗೆ ನೆಟ್ಟರೂ ಬೇರು ಬಿಡುತ್ತದೆ. ಒಂದು ಕೊಡುತ್ತೇನೆ, ಜಗಲಿಯಲ್ಲಿ ಇಟ್ಟುಕೋ. ನಿಮ್ಮ ಮನೆ ಯಾವ ಕಡೆ ಅಂತ ಗೊತ್ತಾದ ಕೂಡಲೇ ಬರೆ. ಮಂಚದ ಅಳತೆಯನ್ನೂ ಬರೆ. ನೀವು ಇಳಿಯುವ ದಿನ ಸಂಜೆಯೊಳಗೆ ಪರದೆ ಕಟ್ಟಿಸಿ ಇಡುತ್ತೇನೆ.