ದುಬೈ, ಈಜಿಪ್ಟ್‌ಗೆ ಹೊರಟಿದ್ದೇವೆ, ಹೊಟ್ಟೆಗೆ ಯಾವ ಔಷಧಿ ಒಯ್ಯಲಿ?

ಪ್ರಶ್ನೆ: ಡಾಕ್ಟ್ರೇ, ನಾನು ಹುಬ್ಬಳ್ಳಿಯವಳು, 57 ವರ್ಷ. ಮಗ ದುಬೈನಲ್ಲಿದ್ದಾನೆ. ಬರುವ ತಿಂಗಳು ನಾವಿಬ್ಬರೂ ಅವನ ಮನೆಗೆ ಹೊರಟಿದ್ದೇವೆ. ಅಲ್ಲಿಂದ ಐದು ದಿನ ಈಜಿಪ್ಟ್ ತೋರಿಸ್ತೀನಿ ಅಂದಿದ್ದಾನೆ. ನಮ್ಮ ಯಜಮಾನರಿಗೆ 63. ಶುಗರ್, ಬಿಪಿ ಎರಡೂ ಇವೆ, ಅಂಗಾಲು ಉರಿಗೂ ಗುಳಿಗೆ ತಗೋತಾರೆ. ಊರು ಬಿಟ್ಟರೆ ಅವರಿಗೆ ಹೊಟ್ಟೆ ಕೆಡೋದು ಗ್ಯಾರಂಟಿ. ಹೋದ ವರ್ಷ ಕಾಶಿಗೆ ಹೋದಾಗ ಜುಲಾಬು ಹತ್ತಿ ಎರಡು ದಿನ ರೂಮಿನಲ್ಲೇ ಮಲಗಿದ್ದರು. ನಮ್ಮ ಅತ್ತೆಯವರು ಕಲಿಸಿದ ಗಸಗಸೆ, ಜಾಯಿಕಾಯಿ, ಅಜವಾನದ ಪುಡಿ ಮಾಡಿ ಡಬ್ಬಿಗೆ ತುಂಬಿದ್ದೇನೆ. ಇದರ ಜೊತೆ ಇನ್ನೇನು ಇಟ್ಟುಕೊಳ್ಳಲಿ?

ಉತ್ತರ: ಅಕ್ಕಾ, ಮೊದಲು ಆ ಡಬ್ಬಿಯನ್ನು ಬ್ಯಾಗಿನಿಂದ ಹೊರಗೆ ತೆಗೆಯಿರಿ. ಅತ್ತೆಯವರ ಪುಡಿ ಕೆಟ್ಟದ್ದು ಅಂತ ಅಲ್ಲ. ಗಸಗಸೆ ಅಂದರೆ ಅಫೀಮಿನ ಗಿಡದ ಬೀಜ. ನಮ್ಮಲ್ಲಿ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ, ಹಬ್ಬಕ್ಕೆ ಪಾಯಸ ಮಾಡುತ್ತೇವೆ. ದುಬೈ ಇರುವ ಯುಎಇಯಲ್ಲಿ ಮಾತ್ರ ಅದನ್ನು ತರುವುದೇ ಅಪರಾಧ. ಒಂದು ಚಮಚ ಇದ್ದರೂ ತೊಂದರೆಯೇ. ಮಗನಿಗೆ ಅಂತ ಅಂಟಿನ ಉಂಡಿ ಕಟ್ಟಿದ್ದರೆ ಅದಕ್ಕೆ ಗಸಗಸೆ ಹಾಕಿದ್ದೀರಾ ಅಂತ ನೆನಪು ಮಾಡಿಕೊಳ್ಳಿ. ಮಸಾಲೆ ಪುಡಿಯನ್ನೂ ನೋಡಿ. ಬೇಕಿದ್ದರೆ ಅಜವಾನ, ಜೀರಿಗೆ, ಬಡೆಸೋಪು ಒಯ್ಯಿರಿ. ಅಂಗಡಿಯ ಸೀಲ್ ಇರುವ, ಹೆಸರು ಬರೆದ ಪ್ಯಾಕೆಟ್ ಇರಲಿ. ಊಟ ಭಾರ ಆದಾಗ, ಹೊಟ್ಟೆ ಉಬ್ಬಿದಾಗ ಅಷ್ಟು ಸಾಕು.

ಇದೇ ಎಚ್ಚರ ಗುಳಿಗೆಗಳಿಗೂ ಬೇಕು. ಗ್ಯಾಸ್, ಹೊಟ್ಟೆ ಹಿಡಿತ ಅಂತ ನಮ್ಮವರು ವರ್ಷಗಟ್ಟಲೆ ನುಂಗುವ ಕೆಲವು ಗುಳಿಗೆಗಳಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಇರುತ್ತದೆ. ಅದು ನಿದ್ದೆ ಗುಳಿಗೆಗಳ ಗುಂಪಿನ ಔಷಧಿ. ಜುಲಾಬಿಗೆ ಕೊಡುವ ಡೈಫಿನಾಕ್ಸಿಲೇಟ್ ಅಫೀಮಿನ ಗುಂಪಿಗೆ ಹತ್ತಿರದ್ದು. ಇವೆರಡನ್ನೂ ಮನೆಯಲ್ಲೇ ಬಿಡಿ. ಯಜಮಾನರ ಕಾಲು ಉರಿಯ ಗುಳಿಗೆಯ ಸ್ಟ್ರಿಪ್ ತಿರುಗಿಸಿ ಓದಿ. ಅದರಲ್ಲಿ ಪ್ರಿಗ್ಯಾಬಲಿನ್ ಅಂತ ಇದ್ದರೆ, ಯುಎಇಯಲ್ಲಿ ಅದೂ ನಿಯಂತ್ರಣದಲ್ಲಿರುವ ಔಷಧಿ. ಅದನ್ನು ತಾವಾಗಿಯೇ ನಿಲ್ಲಿಸುವುದು ಬೇಡ. ಡಾಕ್ಟರ ಚೀಟಿ ಇಟ್ಟುಕೊಂಡು, ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ಮೊದಲೇ ಅನುಮತಿ ಪಡೆಯಲು ಮಗನಿಗೆ ಹೇಳಿ. ಎಲ್ಲ ಗುಳಿಗೆಗಳೂ ಸ್ಟ್ರಿಪ್‌ನಲ್ಲೇ ಇರಲಿ. ಬಿಡಿಸಿ ಡಬ್ಬಿಗೆ ಹಾಕಿದರೆ ಅದು ಯಾವ ಗುಳಿಗೆ ಅಂತ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಚೀಟಿಯಲ್ಲಿ ಕಂಪನಿ ಹೆಸರಿನ ಜೊತೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ.

ಈಗ ಒಯ್ಯಬೇಕಾದದ್ದು. ಒಂದೇ ಒಂದು ಔಷಧಿಗೆ ಜಾಗ ಇದೆ ಅಂದರೆ ನಾನು ಓಆರ್‌ಎಸ್ ಪುಡಿಯನ್ನೇ ಆರಿಸುತ್ತೇನೆ. ಜುಲಾಬು ಹತ್ತಿದವರು ಸೊರಗುವುದು ಮೈಯಲ್ಲಿನ ನೀರು, ಉಪ್ಪು ಹೋಗುವುದರಿಂದ. ಸಕ್ಕರೆ ಮತ್ತು ಉಪ್ಪು ಸರಿಯಾದ ಅಳತೆಯಲ್ಲಿ ಸೇರಿದರೆ, ಕೆಟ್ಟ ಕರುಳು ಕೂಡ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಸಲೈನ್ ಬಾಟಲಿ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಈ ನೀರನ್ನು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಇಷ್ಟು ದೊಡ್ಡ ಔಷಧಿ ಅಗ್ಗವಾಗಿ ಸಿಗುತ್ತದೆ ಅಂತಲೇ ನಮ್ಮವರು ಅದನ್ನು ಔಷಧಿ ಅಂತ ಎಣಿಸುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ.

ಮೆಡಿಕಲ್ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯನ್ನೇ ಕೇಳಿ ತಗೊಳ್ಳಿ. ಜ್ಯೂಸ್ ತರಹದ ಸಿಹಿ ಪೊಟ್ಟಣ ಬೇಡ. ಅದರಲ್ಲಿ ಸಕ್ಕರೆ ಜಾಸ್ತಿ, ಜುಲಾಬು ಇನ್ನೂ ಏರುತ್ತದೆ. ಒಂದು ಲೀಟರಿನ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ಬಾಟಲಿ ನೀರಿಗೇ ಹಾಕಬೇಕು. ಅರ್ಧ ಪುಡಿ ಲೋಟಕ್ಕೆ ಹಾಕಿ ಕುಡಿಯುವವರನ್ನು ಬಹಳ ನೋಡಿದ್ದೇನೆ. ಅದು ಗಟ್ಟಿಯಾಗಿ ತೊಂದರೆ ಮಾಡುತ್ತದೆ. ಪ್ರತಿ ಸಲ ಹೋಗಿ ಬಂದ ಮೇಲೆ ಒಂದರಿಂದ ಎರಡು ಲೋಟ, ಗುಟುಕು ಗುಟುಕಾಗಿ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿಬಿಡಿ. ನಿಮ್ಮಿಬ್ಬರಿಗೆ 8 ಪ್ಯಾಕೆಟ್ ಸಾಕು. ಖಾಲಿಯಾದರೆ ಒಂದು ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಮಟ್ಟಸವಾಗಿ ಅಳೆದು ಹಾಕಿ.

‘ಶುಗರ್ ಇದೆ, ಓಆರ್‌ಎಸ್ ಹೇಗೆ ಕುಡಿಯಲಿ?’ ಅಂತ ಯಜಮಾನರು ಕೇಳಬಹುದು. ಜುಲಾಬು ಇದ್ದಾಗ ಕುಡಿಯಲೇಬೇಕು. ಆ ಸಕ್ಕರೆಗಿಂತ ಮೈ ಒಣಗುವುದು ಅವರಿಗೆ ಜಾಸ್ತಿ ಅಪಾಯ. ಶುಗರ್ ನೋಡುವ ಮಷಿನ್ ಜೊತೆಗಿರಲಿ. ಇನ್ನೊಂದು ಮಾತು, ಇದನ್ನು ಯಾರೂ ಹೇಳಿರುವುದಿಲ್ಲ. ವಾಂತಿ, ಜುಲಾಬು ಜೋರಾಗಿದ್ದಾಗ ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್ ತರಹದ ಶುಗರ್ ಗುಳಿಗೆ, ಮೂತ್ರ ಜಾಸ್ತಿ ಮಾಡಿಸುವ ಬಿಪಿ ಗುಳಿಗೆ ಇವನ್ನು ಒಂದೆರಡು ದಿನ ನಿಲ್ಲಿಸಬೇಕಾಗಬಹುದು. ಇನ್ಸುಲಿನ್ ಇದ್ದರೆ ಅದನ್ನು ಮಾತ್ರ ಕೇಳದೆ ನಿಲ್ಲಿಸಬಾರದು. ಯಾವುದನ್ನು, ಯಾವಾಗ ಅಂತ ಹೊರಡುವ ಮೊದಲೇ ಅವರ ಡಾಕ್ಟರ ಹತ್ತಿರ ಕಾಗದದ ಮೇಲೆ ಬರೆಸಿಕೊಳ್ಳಿ. ದಯವಿಟ್ಟು ಇದೊಂದನ್ನು ಮರೆಯಬೇಡಿ.

ಲೋಪೆರಮೈಡ್ 2 ಮಿ.ಗ್ರಾಂ ಒಂದು ಸ್ಟ್ರಿಪ್ ಇರಲಿ. ಇದು ರೋಗ ವಾಸಿ ಮಾಡುವುದಿಲ್ಲ, ಕರುಳಿನ ಓಟವನ್ನು ನಿಧಾನ ಮಾಡುತ್ತದೆ. ಕೈರೋದಿಂದ ಆರು ತಾಸು ಬಸ್ ಪ್ರಯಾಣ ಇದೆ ಅನ್ನುವಂಥ ದಿನಕ್ಕೆ ಮಾತ್ರ. ಮೊದಲು ಎರಡು, ಆಮೇಲೆ ಪ್ರತಿ ಸಲ ಹೋದ ಮೇಲೆ ಒಂದು, ದಿನಕ್ಕೆ ನಾಲ್ಕು ದಾಟಬಾರದು. ಜ್ವರ ಇದ್ದರೆ, ರಕ್ತ ಬಿದ್ದರೆ ಮುಟ್ಟಲೇಬಾರದು. ಆಗ ಸೋಂಕು ಒಳಗೇ ಉಳಿಯುತ್ತದೆ. ವಾಂತಿಗೆ ಒಂಡಾನ್ಸೆಟ್ರಾನ್ ಬೇಕಾ ಅಂತಲೂ ನಿಮ್ಮ ಡಾಕ್ಟರನ್ನೇ ಕೇಳಿ. ಎದೆಯುರಿಗೆ ಈನೋ ಕುಡಿಯುವ ರೂಢಿ ಇದ್ದರೆ ಯಜಮಾನರಿಗೆ ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ, ಬಿಪಿಗೆ ಒಳ್ಳೆಯದಲ್ಲ.

ಆ್ಯಂಟಿಬಯೋಟಿಕ್ ಮೆಡಿಕಲ್‌ನವರು ಕೊಟ್ಟರು ಅಂತ ತರಬೇಡಿ. ಪ್ರವಾಸದ ಜುಲಾಬು ಬಹಳ ಸಲ ಮೂರರಿಂದ ಐದು ದಿನದಲ್ಲಿ ತಾನೇ ಇಳಿಯುತ್ತದೆ. ಯಜಮಾನರ ವಯಸ್ಸು, ಶುಗರ್ ನೋಡಿ ಡಾಕ್ಟರು ಬರೆದುಕೊಟ್ಟರೆ ಅಷ್ಟನ್ನೇ, ಅವರು ಹೇಳಿದ ಲಕ್ಷಣ ಕಂಡಾಗಲೇ ತಗೊಳ್ಳಿ. ಜ್ವರ, ರಕ್ತ, ನೀರೂ ನಿಲ್ಲದಂಥ ವಾಂತಿ, ಎಂಟು ತಾಸು ಮೂತ್ರ ಬಾರದಿರುವುದು, ಮಂಪರು: ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ವಿದೇಶದಲ್ಲಿ ಖರ್ಚು ಅಂತ ಹಿಂದೆಮುಂದೆ ನೋಡದಿರಲು ಪ್ರವಾಸ ವಿಮೆ ಮಾಡಿಸಿ. ಅದರಲ್ಲಿ ಶುಗರ್, ಬಿಪಿ ಇದೆ ಅಂತ ಬರೆಯಲೇಬೇಕು.

ಹೊಟ್ಟೆ ಕಟ್ಟುವುದೂ ಅಷ್ಟೇ ಸಾಮಾನ್ಯ. ವಿಮಾನದಲ್ಲಿ ನೀರು ಕುಡಿಯುವುದು ಕಡಿಮೆ, ಎದ್ದು ಓಡಾಡುವುದು ಇಲ್ಲ, ರೊಟ್ಟಿ ಪಲ್ಯದ ಬದಲು ಮೈದಾ. ಇಸಬಗೋಲ್ ಒಯ್ಯಿರಿ. ರಾತ್ರಿ ಒಂದು ಚಮಚ, ದೊಡ್ಡ ಲೋಟ ನೀರಿನ ಜೊತೆ. ಬೇರೆ ಗುಳಿಗೆಗೂ ಇದಕ್ಕೂ ಎರಡು ತಾಸು ಅಂತರ ಬೇಕು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು.

ಈಜಿಪ್ಟ್‌ನಲ್ಲಿ ಸೀಲ್ ಬಾಟಲಿ ನೀರನ್ನೇ ಹಲ್ಲುಜ್ಜಲೂ ಬಳಸಿ. ಐಸ್, ಹಸಿ ಸಲಾಡ್ ಬೇಡ. ಅನ್ನ, ಬೇಳೆ, ಮ್ಯಾಕರೋನಿ ಸೇರಿಸುವ ಕೊಶರಿ ಅಲ್ಲಿನ ಸಸ್ಯಾಹಾರಿ ಊಟ, ಬಿಸಿ ಬಿಸಿ ಕೊಡುವಲ್ಲಿ ತಿನ್ನಿ. ಔಷಧಿ ಚೀಲ ಮಾತ್ರ ಕೈಯಲ್ಲಿ ಹಿಡಿಯುವ ಬ್ಯಾಗಿನಲ್ಲೇ ಇರಲಿ, ದೊಡ್ಡ ಸೂಟ್‌ಕೇಸಿನಲ್ಲಲ್ಲ.

ಪ್ರಶ್ನೆ: ಹಾವೇರಿಯಿಂದ ಬರೆಯುತ್ತಿದ್ದೇನೆ. ಮೂರು ವರ್ಷದ ಮಗಳ ಜೊತೆ ಸಿಂಗಪುರಕ್ಕೆ ಹೋಗುತ್ತಿದ್ದೇವೆ. ದೊಡ್ಡವರ ಜುಲಾಬಿನ ಗುಳಿಗೆಯನ್ನು ಅರ್ಧ ಮಾಡಿ ಕೊಡಬಹುದಾ?

ಉತ್ತರ: ಬೇಡ ತಂಗಿ. ಲೋಪೆರಮೈಡ್ ಚಿಕ್ಕ ಮಕ್ಕಳಿಗೆ ಅಪಾಯ, ಅರ್ಧವೂ ಬೇಡ, ಕಾಲೂ ಬೇಡ. 200 ಮಿ.ಲೀ. ನೀರಿಗೆ ಹಾಕುವ ಸಣ್ಣ ಓಆರ್‌ಎಸ್ ಪ್ಯಾಕೆಟ್ ತಗೊಳ್ಳಿ. ಪ್ರತಿ ಸಲ ಹೋದ ಮೇಲೆ ಅರ್ಧದಿಂದ ಒಂದು ಲೋಟ, ಚಮಚದಲ್ಲಿ ಕುಡಿಸಿ. ವಾಂತಿ ಆದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನ ಶುರು ಮಾಡಿ. ಜುಲಾಬು ಹತ್ತಿದರೆ ದಿನಕ್ಕೆ 20 ಮಿ.ಗ್ರಾಂ ಜಿಂಕ್, 14 ದಿನ. ಜುಲಾಬು ನಿಂತ ಮೇಲೂ ಪೂರ್ತಿ ಕೊಡಿ. ಊಟ ನಿಲ್ಲಿಸಬೇಡಿ, ಮೆತ್ತಗಿನ ಅನ್ನ, ಬಾಳೆಹಣ್ಣು ಕೊಡಿ. ಸಿಂಗಪುರಕ್ಕೂ ಗಸಗಸೆ ಒಯ್ಯುವಂತಿಲ್ಲ. ಅತ್ತರೂ ಕಣ್ಣೀರು ಬರುತ್ತಿಲ್ಲ, ಕಣ್ಣು ಒಳಗೆ ಹೋಗಿದೆ, ಮಗು ಮಂಕಾಗಿದೆ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.