ಉಪ್ಪುನೀರಿನ ಸೆನ್ಸರ್, ತಲೆ ಚಪ್ಪಟೆಯಾದ ಅಲೆ

ಪ್ರಶ್ನೆ: ನೀರಿನಲ್ಲಿ ಉಪ್ಪು ಎಷ್ಟಿದೆ ಅಂತ ಅಳೆಯೋಕೆ ಎರಡು ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ ಇಟ್ಟು ಸೆನ್ಸರ್ ಮಾಡಿದ್ದೇನೆ. ಉಪ್ಪು ಜಾಸ್ತಿ ಇದ್ದಾಗ ಅದರ ರೆಸಿಸ್ಟೆನ್ಸ್ 20 ಓಮ್‌ಗೆ ಇಳಿಯುತ್ತದೆ. ಎಲ್‌ಎಂ358 ಆಪ್‌ಆಂಪ್‌ನಿಂದ (ಸಿಗ್ನಲ್ ದೊಡ್ಡದು ಮಾಡೋ ಚಿಪ್) 1 ಕಿಲೋಹರ್ಟ್ಸ್‌ನ ಸೈನ್ ಅಲೆ ಕೊಡುತ್ತಿದ್ದೇನೆ, ಪೀಕ್ 2 ವೋಲ್ಟ್, ಸಪ್ಲೈ ಪ್ಲಸ್ 5 ಮತ್ತು ಮೈನಸ್ 5. ಪಟ್ಟಿ ನೀರಿಗಿಳಿಸಿದ ಕೂಡಲೇ ಅಲೆಯ ತಲೆ ಚಪ್ಪಟೆಯಾಗುತ್ತದೆ. ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ಯಾವುದು ಹಾಕಲಿ? ಎಲ್‌ಎಂ386 ಆಗುತ್ತಾ?

ಉತ್ತರ: ಚಿಪ್ ಹುಡುಕೋ ಮೊದಲು ಒಂದು ಭಾಗಾಕಾರ ಮಾಡಿ. 2 ವೋಲ್ಟ್, 20 ಓಮ್. ಅಂದ್ರೆ 100 ಮಿಲಿಆಂಪ್. ಎಲ್‌ಎಂ358 ಕೊಡೋದು ಸುಮಾರು 20ರಿಂದ 40 ಮಿಲಿಆಂಪ್ ಅಷ್ಟೇ. ಅದರ ಮೇಲೆ ಎಷ್ಟು ಕೇಳಿದರೂ ಕೊಡಲ್ಲ, ಅದಕ್ಕೇ ತಲೆ ಚಪ್ಪಟೆ.

ಸ್ಕೋಪ್‌ನಲ್ಲಿ (ಅಲೆಯ ಆಕಾರ ತೋರಿಸೋ ಉಪಕರಣ) ಇನ್ನೊಂದು ಸಲ ಹತ್ತಿರದಿಂದ ನೋಡಿ. ಮೇಲಿನ ತಲೆ, ಕೆಳಗಿನ ತಲೆ ಒಂದೇ ಎತ್ತರದಲ್ಲಿ ಕತ್ತರಿಸಿದೆಯಾ? ಈ ಚಿಪ್ ಕರೆಂಟನ್ನು ಹೊರಗೆ ತಳ್ಳುವಷ್ಟು ಚೆನ್ನಾಗಿ ಒಳಗೆ ಎಳೆಯಲ್ಲ, ಹಾಗಾಗಿ ಎರಡು ಕಡೆ ಬೇರೆ ಬೇರೆ ಎತ್ತರದಲ್ಲಿ ಕತ್ತರಿಸುತ್ತದೆ, ಆಗ ನಿಮ್ಮ ಎಸಿ ಅಲೆಯೊಳಗೆ ಗೊತ್ತಿಲ್ಲದೆ ಸ್ವಲ್ಪ ಡಿಸಿ, ಅಂದ್ರೆ ಒಂದೇ ದಿಕ್ಕಿಗೆ ಹರಿಯೋ ಕರೆಂಟ್, ಸೇರಿಕೊಳ್ಳುತ್ತದೆ. ಉಪ್ಪುನೀರಿಗೆ ಡಿಸಿ ಹೋದರೆ ಪಟ್ಟಿಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕೂರುತ್ತವೆ, ಪಟ್ಟಿ ಸವೆಯುತ್ತದೆ, ರೀಡಿಂಗ್ ನಿಧಾನಕ್ಕೆ ಜಾರುತ್ತಾ ಹೋಗುತ್ತದೆ. ನನಗೆ ಚಪ್ಪಟೆ ತಲೆಗಿಂತ ಇದೇ ದೊಡ್ಡ ತೊಂದರೆ ಅನಿಸುತ್ತದೆ.

ಈಗ ನಿಜವಾದ ಪ್ರಶ್ನೆ: ಸೆನ್ಸರ್‌ಗೆ 2 ವೋಲ್ಟ್ ಯಾಕೆ ಬೇಕು? ನನ್ನ ಪ್ರಕಾರ ಬೇಡವೇ ಬೇಡ. 100 ಮಿಲಿಆಂಪ್ ಪೀಕ್ ಹರಿಸಿದರೆ ಪಟ್ಟಿಗಳ ನಡುವಿನ ನೀರಿಗೆ 100 ಮಿಲಿವ್ಯಾಟ್ ಶಾಖ ಹೋಗುತ್ತದೆ. ನೀರು 1 ಡಿಗ್ರಿ ಬಿಸಿಯಾದರೆ ಅದರ ವಾಹಕತೆ ಸುಮಾರು 2 ಶೇಕಡಾ ಏರುತ್ತದೆ, ಅಂದ್ರೆ ಅಳೆಯೋಕೆ ಹೋಗಿ ಅಳೆಯೋ ವಸ್ತುವನ್ನೇ ಬದಲಾಯಿಸಿದ ಹಾಗಾಯಿತು. ಕರೆಂಟನ್ನು 10 ಮಿಲಿಆಂಪ್‌ಗೆ ಇಳಿಸಿ. ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಗುತ್ತದೆ, ಶಾಖ ನೂರರಲ್ಲಿ ಒಂದು ಪಾಲು, ಬರೀ 1 ಮಿಲಿವ್ಯಾಟ್. ಸಿಗ್ನಲ್ ಚಿಕ್ಕದಾದರೆ ಆಮೇಲೆ ದೊಡ್ಡದು ಮಾಡಿಕೊಳ್ಳಬಹುದು, ಅಲ್ವಾ?

ಹಾಗಾಗಿ ಸೆನ್ಸರ್ ಜೊತೆ ಸೀರೀಸ್‌ನಲ್ಲಿ 180 ಓಮ್ ರೆಸಿಸ್ಟರ್ ಹಾಕಿ. ಒಟ್ಟು 200 ಓಮ್, 2 ವೋಲ್ಟ್‌ಗೆ ಸರಿಯಾಗಿ 10 ಮಿಲಿಆಂಪ್. ಎಲ್‌ಎಂ358 ತೆಗೆದು ಅದೇ ಸಾಕೆಟ್‌ನಲ್ಲಿ ಎನ್‌ಇ5532 ಕೂರಿಸಿ, ಕಾಲುಗಳ ಜೋಡಣೆ ಎರಡಕ್ಕೂ ಒಂದೇ. 358ರಲ್ಲಿ ಅಲೆ ಸೊನ್ನೆ ದಾಟುವಾಗ ಒಂದು ಸಣ್ಣ ಮುರಿತ ಕಾಣುತ್ತದಲ್ಲ, ಅದೂ ಹೋಗುತ್ತದೆ. ಡಿಸಿ ತಡೆಯೋಕೆ ಸೀರೀಸ್‌ನಲ್ಲೇ ಪೋಲಾರಿಟಿ ಇಲ್ಲದ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರಲಿ. ಇದನ್ನು ಮಾತ್ರ ಬಿಡಬೇಡಿ.

ಅಳತೆ ಎರಡು ಕಡೆ ತೆಗೆಯಿರಿ: 180 ಓಮ್‌ನ ಎರಡು ತುದಿಯ ನಡುವೆ ಒಂದು, ಪಟ್ಟಿಗಳ ನಡುವೆ ಒಂದು. ಎರಡರ ಅನುಪಾತವೇ ಉತ್ತರ. ಆಗ ಆಂಪ್ಲಿಫೈಯರ್ 2 ವೋಲ್ಟ್ ಬದಲು 1.9 ಕೊಟ್ಟರೂ ಲೆಕ್ಕ ಕೆಡಲ್ಲ. ಪಟ್ಟಿಗಳಿಂದ ಅಳತೆಗೆ ಬೇರೆಯೇ ಎರಡು ತಂತಿ ತನ್ನಿ. ಕರೆಂಟ್ ಹೋಗೋ ತಂತಿಯಲ್ಲೇ ಅಳೆದರೆ ತಂತಿಯ 0.2 ಓಮ್ ಕೂಡ ಸೇರಿ 1 ಶೇಕಡಾ ತಪ್ಪಾಗುತ್ತದೆ.

ಎಲ್‌ಎಂ386 ಕರೆಂಟ್ ಖಂಡಿತ ಕೊಡುತ್ತದೆ, ಅದು ಸ್ಪೀಕರ್‌ಗಾಗಿಯೇ ಇರೋ ಚಿಪ್. ಆದರೆ ಅದರ ಗೇನ್ (ಸಿಗ್ನಲ್ ಎಷ್ಟು ಪಟ್ಟು ದೊಡ್ಡದಾಗುತ್ತದೆ ಅನ್ನೋದು) ಸುಮ್ನೆ ಬಿಟ್ಟರೂ 20, ಔಟ್‌ಪುಟ್ ಸಪ್ಲೈಯ ಅರ್ಧದಲ್ಲಿ ನಿಲ್ಲುತ್ತದೆ. ಈ ಕೆಲಸಕ್ಕೆ ನಾನು ಹಾಕಲ್ಲ. ಮುಂದೆ ಬೇರೆ ಸೆನ್ಸರ್‌ಗೆ ನಿಜಕ್ಕೂ 100 ಮಿಲಿಆಂಪ್ ಬೇಕಾದರೆ ಆಪ್‌ಆಂಪ್‌ನ ಔಟ್‌ಪುಟ್‌ಗೆ ಬಿಡಿ139, ಬಿಡಿ140 ಟ್ರಾನ್ಸಿಸ್ಟರ್ ಜೋಡಿ ಹಾಕಿ. ಫೀಡ್‌ಬ್ಯಾಕ್ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ವಾಪಸ್ ಹೋಗೋ ಜೋಡಣೆ) ಮಾತ್ರ ಆಪ್‌ಆಂಪ್‌ನ ಔಟ್‌ಪುಟ್ ಕಾಲಿನಿಂದಲ್ಲ, ಟ್ರಾನ್ಸಿಸ್ಟರ್‌ಗಳ ಎಮಿಟರ್ ಸೇರೋ ಜಾಗದಿಂದ ತೆಗೆಯಿರಿ.

ಪ್ರಶ್ನೆ: 350 ಓಮ್ ಲೋಡ್ ಸೆಲ್‌ಗೂ (ತೂಕ ಅಳೆಯೋ ಸೆನ್ಸರ್) ಹೀಗೇ ಬೇರೆ ಡ್ರೈವರ್ ಬೇಕಾ?

ಉತ್ತರ: ಬೇಡ. 5 ವೋಲ್ಟ್‌ಗೆ ಅದು ಎಳೆಯೋದು ಸುಮಾರು 14 ಮಿಲಿಆಂಪ್, ಸಪ್ಲೈಯಿಂದಲೇ ಕೊಡಿ. ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿ ಬದಲಿಸೋ ಚಿಪ್) ರೆಫರೆನ್ಸ್‌ಗೂ, ಅಂದ್ರೆ ಅದು ಹೋಲಿಸಿ ನೋಡೋ ವೋಲ್ಟೇಜ್‌ಗೂ, ಅದೇ 5 ವೋಲ್ಟ್ ಜೋಡಿಸಿ. ಆಗ ಸಪ್ಲೈ ಸ್ವಲ್ಪ ಏರಿಳಿದರೂ ತೂಕದ ಅಂಕಿ ಅಲುಗಾಡಲ್ಲ.