ನೀರೊಳಗಿನ ಬೊಂಡಾಸ್ ಕಾಟ, ಮುಗಿಯದ ಲೆವೆಲ್: ಗೇಮ್ ಪ್ರಶ್ನೋತ್ತರ

ಪ್ರಶ್ನೆ: ಅಟ್ಟದ ಮೇಲಿದ್ದ ಹಳೇ ಟಿವಿ ಗೇಮ್ ಇಳಿಸಿ ಮಗಳಿಗೆ ಸೂಪರ್ ಮಾರಿಯೋ ಕ್ಯಾಸೆಟ್ ಹಾಕಿಕೊಟ್ಟೆ. 2-2ರ (ಎರಡನೇ ವರ್ಲ್ಡ್‌ನ ಎರಡನೇ ಲೆವೆಲ್) ನೀರಿನ ಲೆವೆಲ್‌ನಲ್ಲಿ ಬಿಳೀ ಬೊಂಡಾಸ್ (ಸ್ಕ್ವಿಡ್) ಥರದ್ದೊಂದು ಬಂದು ಪ್ರತಿ ಸಲ ಸಾಯಿಸ್ತಿದೆ. ನೆಲದ ಮೇಲೆ ಎಲ್ಲಾನೂ ತುಳಿದು ಹಾಕ್ತೀವಲ್ಲ, ಇದನ್ನ ತುಳಿಯೋಕೆ ಹೋದ್ರೆ ನಾವೇ ಸಾಯ್ತೀವಿ. ಯಾಕೆ ಸರ್?
– ಒಬ್ಬ ತಾಯಿ, ಕುಂದಾಪುರ

ಉತ್ತರ: ಬೊಂಡಾಸ್ ಅಂದ್ರಲ್ಲ ಮೇಡಂ, ಸರಿಯಾಗೇ ಗುರುತು ಹಿಡಿದಿದ್ದೀರಿ. ಅದರ ಹೆಸರು ಬ್ಲೂಪರ್, ಜಪಾನಲ್ಲಿ ಗೆಸ್ಸೋ ಅಂತಾರೆ, ಅಲ್ಲಿನ ಹೋಟೆಲ್‌ಗಳಲ್ಲಿ ಬೊಂಡಾಸ್ ಕಾಲುಗಳಿಗೆ ಗೆಸೋ ಅನ್ನೋ ಮಾತಿದೆ, ಅದರಿಂದ ಬಂದ ಹೆಸರು. ನಿಜವಾದ ಬೊಂಡಾಸ್ ನೀರು ಚಿಮ್ಮಿಸಿ ಚೂಪು ತುದಿ ಮುಂದೆ ಮಾಡ್ಕೊಂಡು ಕಾಲು ಹಿಂದೆ ಎಳ್ಕೊಂಡು ಹೋಗುತ್ತಲ್ಲ, ಇದೂ ಹಾಗೇ ಚೂಪು ತಲೆ ಮೇಲೆ ಮಾಡಿ ಮಾರಿಯೋ ಇರೋ ಕಡೆ ಓರೆಯಾಗಿ ಜಿಗಿಯುತ್ತೆ, ಆಮೇಲೆ ಸುಮ್ನೆ ನೇರ ಕೆಳಗಿಳಿಯುತ್ತೆ. 1985ರಲ್ಲಿ ಅಷ್ಟು ಚಿಕ್ಕ ಚಿತ್ರದಲ್ಲಿ ಇಷ್ಟು ಗಮನಿಸಿ ಮಾಡಿದ್ದಾರೆ ಅನ್ನೋದು ನಂಗೆ ಇವತ್ತಿಗೂ ಖುಷಿ ಕೊಡೋ ವಿಷ್ಯ.

ತುಳಿಯೋದು ಅಂದ್ರೆ ಮೇಲಿಂದ ಬೀಳೋ ಭಾರ. ನೀರಲ್ಲಿ ಮಾರಿಯೋಗೆ ಆ ಭಾರನೇ ಇಲ್ಲ, ಬಟನ್ ಒತ್ತಿದಷ್ಟು ಸಲ ಕೈ ಬಡಿದು ಮೇಲೇಳ್ತಾನೆ, ಬಿಟ್ರೆ ಮೆಲ್ಲಗೆ ಇಳೀತಾನೆ. ಅದಕ್ಕೇ ಆ ಲೆವೆಲ್‌ನಲ್ಲಿ ತುಳಿಯೋ ಆಟನೇ ತೆಗೆದುಬಿಟ್ಟಿದ್ದಾರೆ, ಹೂವು ತಗೊಂಡು ಬೆಂಕಿ ಉಂಡೆ ಎಸೆದ್ರೆ ಮಾತ್ರ ಸಾಯುತ್ತೆ. ಮುಂದಿನ 2-3ರಲ್ಲಿ ಸೇತುವೆ ಮೇಲೆ ಹಾರಿಬರೋ ಕೆಂಪು ಮೀನನ್ನ ತುಳೀಬಹುದು, ಮಗಳಿಗೆ ತೋರ್ಸಿ, ನೀರಲ್ಲಿ ಮುಟ್ಟಿದ್ರೆ ಸಾಯಿಸ್ತಿದ್ದ ಜಾತಿನೇ ಅದು.

ಈಗ ಉಪಾಯ. ಬ್ಲೂಪರ್ ಪೂರ್ತಿ ತಳಕ್ಕೆ ಇಳಿಯಲ್ಲ. ಅದು ಇಳೀತಾ ಇಳೀತಾ ಮಾರಿಯೋ ಎಷ್ಟು ಎತ್ತರದಲ್ಲಿದ್ದಾನೆ ಅಂತ ಲೆಕ್ಕ ನೋಡುತ್ತೆ, ಅವನಿಗಿಂತ 16 ಪಿಕ್ಸೆಲ್ ಮೇಲೆ ಬಂತು ಅಂದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲಕ್ಕೆ ಜಿಗಿಯೋಕೆ ಶುರು ಮಾಡುತ್ತೆ. ಇದರಲ್ಲಿ ಒಂದು ಮಜಾ ಏನಂದ್ರೆ ಮಾರಿಯೋ ಚಿಕ್ಕವನಾಗಿದ್ರೂ ಗೇಮ್ ಅವನ ತಲೆನ ದೊಡ್ಡ ಮಾರಿಯೋ ಎತ್ತರದಲ್ಲೇ ಇದೆ ಅಂತ ಲೆಕ್ಕ ಹಾಕುತ್ತೆ, ಹಾಗಾಗಿ ಚಿಕ್ಕ ಮಾರಿಯೋ ತಳದಲ್ಲಿ ನಡ್ಕೊಂಡು ಹೋದ್ರೆ ಬ್ಲೂಪರ್ ತಲೆ ಮೇಲೆ ಬಂದು ಇನ್ನೇನು ಮುಟ್ಟೇಬಿಡ್ತು ಅನ್ನುವಾಗ ವಾಪಸ್ ಏಳುತ್ತೆ. ಗಾಬರಿಯಾಗಿ ಬಟನ್ ಒತ್ತಿದ್ರೆ ಮಾತ್ರ ನಾವೇ ಈಜಿ ಹೋಗಿ ಅದಕ್ಕೆ ತಲೆ ಕೊಟ್ಟ ಹಾಗೆ. ಬಹುಶಃ ಮಗಳು ಸಾಯ್ತಿರೋದು ಅಲ್ಲೇ. ತಲೆ ಮೇಲೆ ಬಂದಾಗ ಕೈ ತಡೆದು ನಡೀತಾ ಇರು ಅನ್ನಿ. ತಳದಲ್ಲಿ ಗುಂಡಿ ಇರೋ ಕಡೆ ಮಾತ್ರ ನೀರಿನ ಸೆಳೆತ ಒಳಗೆ ಎಳೆಯುತ್ತೆ, ಅಲ್ಲಿ ಮೊದಲೇ ಮೇಲೆದ್ದು ಬಟನ್ ಬಿಡದೇ ಬಡೀತಾ ದಾಟಬೇಕು.

ಮೀನುಗಳು ಅಷ್ಟು ಕಷ್ಟ ಇಲ್ಲ, ಅವು ಯಾವಾಗ್ಲೂ ಎಡಕ್ಕೇ ಹೋಗ್ತವೆ, ಹಿಂದೆ ತಿರುಗಿ ಅಟ್ಟಿಸ್ಕೊಂಡು ಬರಲ್ಲ. ಕೆಂಪು ಮೀನು ಬೂದು ಬಣ್ಣದ್ದಕ್ಕಿಂತ ಜೋರು, ಅದೊಂದು ನೆನಪಿರ್ಲಿ.

ಪ್ರಶ್ನೆ: 1-2ರ ಕೊನೇಲಿ ಗೋಡೆ ಒಳಗೆ ನುಗ್ಗಿದ್ರೆ ಮುಗಿಯದೇ ಇರೋ ನೀರಿನ ಲೆವೆಲ್ ಸಿಗುತ್ತೆ ಅಂತ ಅಣ್ಣ ಹೇಳ್ತಿದ್ದ, ನಾನು ನಂಬಿರ್ಲಿಲ್ಲ. ನಿಜಾನಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮಣ್ಣ ಹೇಳಿದ್ದು ನಿಜ ಕಣಪ್ಪ. ಇಟ್ಟಿಗೆ ಒಡೆದು ಹಿಂದಕ್ಕೆ ಮುಖ ಮಾಡಿ ಸರಿಯಾದ ಜಾಗಕ್ಕೆ ಜಿಗಿದ್ರೆ ಗೋಡೆಯೊಳಗಿಂದ ಜಾರಿ ಆಚೆ ಹೋಗ್ತೀವಿ, ಪರದೆ ಮುಂದಕ್ಕೆ ಸರಿಯೋ ಮೊದಲೇ ಪೈಪ್‌ಗೆ ಇಳಿದುಬಿಟ್ರೆ "ವರ್ಲ್ಡ್ -1" ಅಂತ ಬರುತ್ತೆ. ನಿಜವಾಗಿ ಅದು 36-1, ಆದ್ರೆ 36 ಅಂತ ತೋರಿಸೋಕೆ ಗೇಮ್‌ನಲ್ಲಿ ಇರೋ ಚಿತ್ರ ಬರೀ ಖಾಲಿ ಚೌಕ, ಅದಕ್ಕೇ ಗೆರೆ, ಒಂದು ಅಷ್ಟೇ ಕಾಣುತ್ತೆ. ಒಳಗಿರೋದು 7-2ರ ಅದೇ ನೀರು, ಅದೇ ಬ್ಲೂಪರ್‌ಗಳು (2-2 ನಕ್ಷೆನೂ ಅದೇ, ಶತ್ರುಗಳು ಮಾತ್ರ ಕಮ್ಮಿ). ಕೊನೆ ಪೈಪ್ ಹೊಕ್ರೆ ಮತ್ತೆ ಶುರುವಿಗೇ ಬಂದು ಬೀಳ್ತೀವಿ, ಟೈಮ್ ಮುಗಿದು ಜೀವ ಹೋಗೋವರೆಗೂ ಅದೇ ಕಥೆ. ಜಪಾನಲ್ಲಿ 1986ರಲ್ಲಿ ಬಂದ ಡಿಸ್ಕ್ ಆವೃತ್ತಿಯಲ್ಲಿ ಮಾತ್ರ ಮೂರು ಲೆವೆಲ್ ಇದ್ದು ಮುಗಿಯುತ್ತೆ. ಅಣ್ಣನಿಗೆ ಫೋನ್ ಮಾಡಿ ಹೇಳಿ, ಇಷ್ಟು ವರ್ಷ ನಂಬದೇ ಇದ್ದಿದ್ದಕ್ಕೆ ಪಾಪ ಬೇಜಾರಾಗಿರ್ಬೇಕು.

ಪ್ರಶ್ನೆ: ಮಾರಿಯೋ ಗೇಮ್‌ಗಳ ನೀರಿನ ಶತ್ರುಗಳಲ್ಲಿ ನಿಮಗಿಷ್ಟವಾದದ್ದು ಯಾವುದು?
– ಓದುಗರು, ಸಾಗರ

ಉತ್ತರ: 1990ರ ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಬರೋ ರಿಪ್ ವ್ಯಾನ್ ಫಿಶ್, ಯೋಚ್ನೆ ಮಾಡದೇ ಹೇಳ್ತೀನಿ. ತಳದಲ್ಲಿ ಮಲಗಿ ಗೊರಕೆ ಹೊಡೀತಾ ಇರುತ್ತೆ, ನಾವು ಹತ್ರ ಹೋದ್ರೆ ಎದ್ದು ಅಟ್ಟಿಸ್ಕೊಂಡು ಬರುತ್ತೆ, ಸ್ವಲ್ಪ ಹೊತ್ತು ತಪ್ಪಿಸ್ಕೊಂಡ್ರೆ ಸುಸ್ತಾಗಿ ಮತ್ತೆ ಇಳಿದು ಮಲಗಿಬಿಡುತ್ತೆ. ಅದನ್ನ ಎಬ್ಬಿಸದೇ ಮೇಲಿಂದ ಮೆಲ್ಲಗೆ ಈಜಿ ದಾಟುವಾಗ ನಂಗೆ ಈಗ್ಲೂ ಉಸಿರು ಬಿಗಿ ಹಿಡಿಯೋ ಹಾಗಾಗುತ್ತೆ.